ಅಂಗೈಯಗಲದ ಪತ್ರಿಕೆಯ ಅಭ್ಯರ್ಥಿ

ಸಾನ್ ಬ್ಲಾಸ್ ಗುಡ್ಡ, ಲಾ ಪಾಸ್
ಜನವರಿ ೨೬

ಘನತೆವೆತ್ತ ಬಾಸಿಲಿಯಾ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ಇಲ್ಲಿ ನಾವು ಕ್ಷೇಮ. ಗುಡ್ಡವೂ ಸದ್ಯಕ್ಕೆ ಕ್ಷೇಮ. ಬ್ಯೂನಸ್ ಐರಿಸ್‌ನ ಹೊಲಿಗೆ ಕಾರ್ಖಾನೆಯಲ್ಲಿ ನೀನೂ ನಿನ್ನ ನಾಲಗೆಯೂ ಚೂಪಾಗಿಯೇ ಇದ್ದೀರೆಂದು ನಂಬಿದ್ದೇನೆ.

ಒಂದು ಐತಿಹಾಸಿಕ ಘಟನೆಯನ್ನು ಅರುಹುವ ಭಾರ ಈ ಬಡವನ ಹೆಗಲೇರಿದೆ. ಮೊನ್ನೆ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಅಮ್ಮ ದೋನ್ಯಾ ಸಾತುರ್ನಿನಾ ಈ ನಗರದ ಮೇಯರ್ ಹುದ್ದೆಗೆ ಅಭ್ಯರ್ಥಿಯಾದಳು. ವಿಷಯ ಅಮ್ಮನಿಗೆ ತಿಳಿದದ್ದು ಮಾತ್ರ ಸ್ವಲ್ಪ ತಡವಾಗಿ.

ಮೊನ್ನೆ ಅಲಸಿತಾಸ್ ಸಂತೆಯಲ್ಲವೇ? ಜನರೆಲ್ಲ ಪುಟಾಣಿ ಬಸ್ಸು, ಪುಟಾಣಿ ಡಿಗ್ರಿ, ಪುಟಾಣಿ ಡಾಲರ್ ಕಟ್ಟು ಕೊಂಡು, ವರ್ಷದೊಳಗೆ ಇವೆಲ್ಲ ದೊಡ್ಡದಾಗಿ ಮನೆಗೆ ಬರಲಪ್ಪಾ ಎಂದು ಎಕೆಕೊ ದೇವರಿಗೆ ತೋರಿಸುತ್ತಿದ್ದರು. ಅಮ್ಮನದು ಮಾಮೂಲಿ ಸಾಮಾನು: ಬೆರಳುದ್ದದ ಸಿಮೆಂಟ್ ಚೀಲ, ಬೆಂಕಿಪೆಟ್ಟಿಗೆಯಷ್ಟು ಇಟ್ಟಿಗೆ. ಗುಡ್ಡಕ್ಕೊಂದು ತಡೆಗೋಡೆ ಕೊಡಪ್ಪಾ ಎಂಬ ಹಳೇ ಅರ್ಜಿ. ಆ ದೇವರೂ ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ನಮ್ಮ ಮುನಿಸಿಪಾಲಿಟಿ ಗುಮಾಸ್ತನ ಹಾಗೆ, ಮುಂದಿನ ವರ್ಷ ಬನ್ನಿ ಅನ್ನುತ್ತಲೇ ಬಂದಿದ್ದಾನೆ.

ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಸಂತೆಗೆಂದು ಅಂಗೈಯಗಲದ ನಗೆಪತ್ರಿಕೆ ಅಚ್ಚಾಗುವುದು ನಿನಗೆ ಗೊತ್ತೇ ಇದೆ. ಈ ಸಲದ ‘ಹೇನು’ ಪತ್ರಿಕೆ ಪೂರ್ತಿ ನನ್ನದು. ಮುಖಪುಟದಲ್ಲಿ: ‘ಮುಂದಿನ ಮೇಯರ್ ಜೋಳದ ಬಿಸಿ ಅಪಿ ಮಾರುವ ದೋನ್ಯಾ ಸಾತುರ್ನಿನಾ! ನಗರ ತಲ್ಲಣ!’ ಕೆಳಗೆ, ಕರಿದ ರೊಟ್ಟಿ ಕದ್ದ ನಾಯಿಗೆ ಅಮ್ಮ ಸೌಟು ಎತ್ತಿರುವ ಭಾವಚಿತ್ರ.

ಇಗರ್ಜಿಯಲ್ಲಿ ಹನ್ನೆರಡರ ಗಂಟೆ ಹೊಡೆಯುತ್ತಿತ್ತು. ಪೂಜೆ ಮಾಡಿಸುವ ಯಾತಿರಿ ಮುದುಕ ಧೂಪದ ಹೊಗೆ ಹಾಕಿ, ಹೂವಿನ ಎಸಳು ಎಸೆದು, ಸಾರಾಯಿ ಚಿಮುಕಿಸುತ್ತಿದ್ದ. ಸರಿಯಾಗಿ ಆಗ, “ಇದನ್ನೂ ಹಿಡ್ಕೋಮ್ಮ” ಎಂದು ಪತ್ರಿಕೆಯನ್ನು ಅಮ್ಮನ ಕೈಗೆ ತುರುಕಿದೆ. ಸಿಮೆಂಟ್ ಚೀಲದ ಜೊತೆಗೆ ಅದಕ್ಕೂ ಹೊಗೆ ಬಿತ್ತು. ಆಮೇಲೆ ಆಲೂಗಡ್ಡೆ ಮಾರುವ ಹಿಲಾರಿಯಾ ಇಣುಕಿ ನೋಡಿ ಗಟ್ಟಿಯಾಗಿ ಓದಿದಳು.

“ಹರಿದು ಹಾಕು ಅದನ್ನ! ಈ ಕತ್ತೆಮಗನ್ನ ಆಮೇಲೆ ವಿಚಾರಿಸ್ಕೋತೀನಿ” ಅಂದಳು ಅಮ್ಮ.

“ಹರಿಯೋಕಾಗತ್ತೇನೇ? ಹೊಗೆ ತಗೊಂಡಾಯ್ತು. ದೇವರಿಗೆ ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋಕೆ ನೀನ್ಯಾರು?” ಅಂದಳು ಹಿಲಾರಿಯಾ.

ಅಕ್ಕಾ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆಂದು ನಾನು ಕಾದಿದ್ದೆ. ಒಬ್ಬರೂ ನಗಲಿಲ್ಲ. ಸುತ್ತ ನಿಂತ ಹೆಂಗಸರು ಅಮ್ಮನನ್ನು ಹೊಸದಾಗಿ ನೋಡುವವರಂತೆ ನೋಡಿದರು. ನನಗೆ ಬೆನ್ನು ಸ್ವಲ್ಪ ತಣ್ಣಗಾಯಿತು. ಅದು ಸೌಟಿನ ಏಟು ಬೀಳುವ ಮುಂಚೆ.

‘ಹೇನು’ ಪತ್ರಿಕೆಯ ಪ್ರಧಾನ ಸಂಪಾದಕ, ವಿಶೇಷ ಬಾತ್ಮೀದಾರ, ಮಸಿ ಒರೆಸುವವ,
ಎಲಿಯೊ


ಬ್ಯೂನಸ್ ಐರಿಸ್
ಫೆಬ್ರವರಿ ೧೮

ಎಲಿಯೊ,

ನೀನು ಹುಟ್ಟಿದ ದಿನವೇ ನಿನ್ನ ಬಾಯಿಗೆ ಎರಡು ಹೊಲಿಗೆ ಹಾಕಬೇಕಿತ್ತು. ಆಗ ನನಗೆ ಹೊಲಿಯಲು ಬರುತ್ತಿರಲಿಲ್ಲ.

ಮೂರ್ಖ, ಸಂತೆಯಲ್ಲಿ ತನಗೆ ತಾನೇ ಕೊಂಡದ್ದು ಫಲಿಸುವುದಿಲ್ಲ, ಇನ್ನೊಬ್ಬರು ಕೈಯಾರೆ ಕೊಟ್ಟದ್ದೇ ಫಲಿಸುವುದು ಎಂದು ಅಜ್ಜಿ ಹೇಳುತ್ತಿದ್ದದ್ದು ಮರೆತೆಯಾ? ಅಮ್ಮ ಇಷ್ಟು ವರ್ಷ ಸಿಮೆಂಟ್ ಚೀಲವನ್ನು ತಾನೇ ಕೊಂಡಳು. ನಾವಿಬ್ಬರೂ ಒಂದು ಇಟ್ಟಿಗೆ ಕೊಡಲಿಲ್ಲ. ಕೊನೆಗೆ ಮಗರಾಯ ಕೈಯಾರೆ ಕೊಟ್ಟ, ಹನ್ನೆರಡರ ಗಂಟೆಗೆ ಸರಿಯಾಗಿ ಕೊಟ್ಟ, ಏನು ಕೊಟ್ಟ? ಮೇಯರ್ ಹುದ್ದೆ!

ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಪುಟಾಣಿ ಸೂಟ್‌ಕೇಸ್ ಕಳಿಸಿದ್ದೇನೆ. ಇಲ್ಲಿ ನಮ್ಮವರು ನಡೆಸುವ ಸಂತೆಯಲ್ಲಿ ಹನ್ನೆರಡಕ್ಕೇ ಹೊಗೆ ಹಾಕಿಸಿದ್ದು. ಅಮ್ಮನ ಕೈಗೆ ಕೊಡು. ಇಲ್ಲಿಗೆ ಬಂದುಬಿಡಲಿ. ನನ್ನ ಕೋಣೆ ಸಣ್ಣದು, ಆದರೆ ನೆಲ ಅಲ್ಲಾಡುವುದಿಲ್ಲ.

ಇನ್ನೊಂದು ಮಾತು. ಗುಡ್ಡ ‘ಸದ್ಯಕ್ಕೆ’ ಕ್ಷೇಮ ಎಂದು ಬರೆಯಬೇಡ. ಆ ಪದ ಓದಿದ ದಿನ ನನಗೆ ಊಟ ಸೇರುವುದಿಲ್ಲ. ನನ್ನ ಕೋಣೆ ಹೊಲಿಗೆ ಯಂತ್ರದ ಸಮೇತ ಕಣಿವೆಗೆ ಜಾರಿದ ಸಂಜೆ ನಾನು ಕುಣಿಯಲು ಹೋಗಿದ್ದೆ. ಅಷ್ಟೇ.

ಬಾಸಿಲಿಯಾ


ಸಾನ್ ಬ್ಲಾಸ್ ಗುಡ್ಡ
ಏಪ್ರಿಲ್ ೩

ಸೂಜಿಯಂತಹ ಅಕ್ಕನಿಗೆ,

ಇಲ್ಲಿ ನಾವು ಕ್ಷೇಮ. ನಿನ್ನ ಅಪ್ಪಣೆಯಂತೆ ‘ಸದ್ಯಕ್ಕೆ’ ಎಂಬ ಪದವನ್ನು ಕೈಬಿಟ್ಟಿದ್ದೇನೆ. ಆದ್ದರಿಂದ ಗುಡ್ಡದ ಬಗ್ಗೆ ಬರೆಯಲು ಏನೂ ಉಳಿದಿಲ್ಲ.

ರಾಜಕೀಯಕ್ಕೆ ಬರೋಣ. ಚುನಾವಣೆ ಇರುವುದು ಡಿಸೆಂಬರಿನಲ್ಲಿ. ಆದರೆ ನಮ್ಮ ನಗರದ ಬಾಯಿಗೆ ಅಷ್ಟು ದಿನ ಸುಮ್ಮನಿರುವ ಅಭ್ಯಾಸ ಎಲ್ಲಿದೆ? ದೊಡ್ಡ ಪತ್ರಿಕೆಯೊಂದು (ಅಂಗೈಯಗಲದ್ದಲ್ಲ, ಮೀನು ಕಟ್ಟಲು ಸಾಲುವಂಥದ್ದು) ‘ಕೇಳಿಬರುತ್ತಿರುವ ಹೆಸರುಗಳು’ ಎಂದು ಬರೆಯಿತು. ಒಂದನೆಯದು ಈಗ ಕೌನ್ಸಿಲ್‌ನಲ್ಲಿ ಕಾಮಗಾರಿ ಖಾತೆ ನೋಡುವ ಇಂಜಿನಿಯರ್ ಉರ್ಕೀದಿ. ಎರಡನೆಯದು ಬೆಳಗಿನ ರೇಡಿಯೊದಲ್ಲಿ ಊರನ್ನೇ ಬೈದು ಎಬ್ಬಿಸುವ ದೊನ್ ವಾಲ್ದೊ. ಮೂರನೆಯದು: ‘ಸಾನ್ ಬ್ಲಾಸ್ ಗುಡ್ಡದ ಅಪಿ ಮಾರಾಟಗಾರ್ತಿ?’ ಪ್ರಶ್ನಾರ್ಥಕ ಚಿಹ್ನೆಯ ಸಮೇತ. ನಮ್ಮ ‘ಹೇನು’ ಯಾರದೋ ಜೇಬಿನಲ್ಲಿ ಕೂತು ಆ ಕಚೇರಿ ತಲುಪಿತ್ತು. ಮರುವಾರ ಆ ಬಡಪಾಯಿ ಪ್ರಶ್ನಾರ್ಥಕ ಚಿಹ್ನೆಯೂ ಉದುರಿಹೋಯಿತು.

ಈಗ ವರದಿಗಾರರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ. ನಾನು ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಈಗಲೇ ಏನೂ ಹೇಳುವಂತಿಲ್ಲ” ಎನ್ನುತ್ತೇನೆ. ಮರುದಿನ ‘ಕುಟುಂಬದ ಬಲ್ಲ ಮೂಲಗಳು ಅಲ್ಲಗಳೆಯಲಿಲ್ಲ’ ಎಂದು ಅಚ್ಚಾಗುತ್ತದೆ. ಬಲ್ಲ ಮೂಲವಾಗಿರುವುದು ಎಂಥ ಗೌರವದ ಹುದ್ದೆ ಅಕ್ಕಾ!

ಅಂಗಡಿಯ ಮುಂದೆ ಬೆಳಗಿನ ಚಳಿಯಲ್ಲಿ ಅಪಿಗೆ ನಿಂತವರೂ ಸುಮ್ಮನಿಲ್ಲ. ಒಬ್ಬ ಟೈಧಾರಿ ಗುಮಾಸ್ತ ಕೇಳಿದ: “ಏನ್ ದೋನ್ಯಾ, ಮೆಕ್ಕೆಜೋಳ ಕುದಿಸೋರು ನಗರ ನಡೆಸ್ತಾರಂತೆ?”

“ನಗರ ನಡೆಸೋರು ಒಂದಿನ ಜೋಳ ಕುದಿಸ್ಲಿ ನೋಡೋಣ ಸ್ವಾಮಿ. ತಳ ಹತ್ತಿಸಿ, ಪಾತ್ರೆ ಸರಿ ಇಲ್ಲ ಅಂತ ವರದಿ ಕೊಡ್ತಾರೆ.”

ಸಾಲೆಲ್ಲ ಘೊಳ್ಳೆಂದಿತು. ಗುಮಾಸ್ತನೂ ನಕ್ಕು ಇನ್ನೊಂದು ಲೋಟ ಕುಡಿದ.

ನನಗೆ ಭಯ ಹತ್ತಿದೆ. “ಅಮ್ಮ, ತಮಾಷೆ ಜಾಸ್ತಿಯಾಯ್ತು. ನಾನು ನಿಲ್ಲಲ್ಲ ಅಂತ ಹೇಳಿಬಿಡು” ಅಂದೆ.

“ಯಾಕೆ ಹೇಳ್ಬೇಕು?” ಅಂದಳು, ದಾಲ್ಚಿನ್ನಿ ಮುರಿಯುತ್ತಾ. “ಗಿರಾಕಿ ಇನ್ನೂ ಬೆಲೆ ಕೇಳ್ತಾ ನಿಂತಿರುವಾಗ ಗಂಟು ಕಟ್ಕೊಂಡು ಎದ್ದು ಹೋಗೋ ಮಾರುವವಳನ್ನ ಎಲ್ಲಾದ್ರೂ ನೋಡಿದೀಯೇನೋ?”

ಸೂಟ್‌ಕೇಸ್ ಕೊಟ್ಟೆ. ಬೀಗ ತೆಗೆದು ಒಳಗೆ ನೋಡಿದಳು, ಮುಚ್ಚಿದಳು, ಗೂಡಿನಲ್ಲಿ ಎಕೆಕೊ ಪಕ್ಕ ಇಟ್ಟಳು.

ಬಲ್ಲ ಮೂಲ,
ಎಲಿಯೊ


ಬ್ಯೂನಸ್ ಐರಿಸ್
ಮೇ ೧೧

ಎಲಿಯೊ,

ಮನೆ ಹಿಂದಿನ ನೆಲದ ಬಿರುಕು ಎಷ್ಟಾಗಿದೆ? ತಮಾಷೆ ಬಿಟ್ಟು ಬರೆ.

ಮೊನ್ನೆ ಪಕ್ಕದ ಮೇಜಿನವಳು, ಓರುರೊ ಕಡೆಯವಳು, ಕೇಳಿದಳು: “ಲಾ ಪಾಸ್‌ನಲ್ಲಿ ಅಪಿ ಮಾರೋಳು ಮೇಯರ್ ಆಗ್ತಾಳಂತೆ, ನಿನಗೇನಾದ್ರೂ ಗೊತ್ತಾ?” ಗೊತ್ತಿಲ್ಲ ಅಂದೆ. ಯಾಕೆ ಹಾಗಂದೆನೋ. ಆಮೇಲೆ ಅವಳು ಮಷೀನ್ ನಿಲ್ಲಿಸಿ, “ಆಗ್ಲಪ್ಪಾ ದೇವರೇ” ಅಂದಳು, ತನ್ನ ತಾಯಿಗೇ ಹರಸುವ ಹಾಗೆ. ನನಗೆ ದಾರ ಪೋಣಿಸಲು ಆಗಲಿಲ್ಲ.

ಸೂಟ್‌ಕೇಸ್ ಬಗ್ಗೆ ಅಮ್ಮ ಏನಾದರೂ ಅಂದಳಾ?

ಬಾಸಿಲಿಯಾ


ಸಾನ್ ಬ್ಲಾಸ್ ಗುಡ್ಡ
ಜುಲೈ ೨೦

ಅಕ್ಕಾ,

ತಮಾಷೆ ಬಿಟ್ಟು ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಬಿರುಕಿಗೆ ನನ್ನ ಕೈ ಹಿಡಿಸುತ್ತಿತ್ತು. ಈಗ ನಮ್ಮ ಕೋಳಿ ಅದರೊಳಗೆ ಇಳಿದು ಮೊಟ್ಟೆಯಿಟ್ಟು ಹತ್ತಿ ಬರುತ್ತದೆ. ನಿನ್ನ ಹಳೇ ಕೋಣೆಯ ಬಾಗಿಲು ಆಕಾಶಕ್ಕೆ ತೆರೆಯುತ್ತದೆಂದು ಅಮ್ಮ ಅದಕ್ಕೆ ಮೊಳೆ ಹೊಡೆದಿದ್ದಾಳೆ. ಗುಡ್ಡದ ಸಾಲು ಮನೆಗಳಲ್ಲೆಲ್ಲ ಇದೇ ಕಥೆ. ಇನ್ನೊಂದು ಮಳೆಗಾಲ ತಡೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಸೂಟ್‌ಕೇಸ್ ಬಗ್ಗೆ ಅಮ್ಮನೂ ಬಾಯಿ ಬಿಟ್ಟಿಲ್ಲ.

ಇನ್ನು ನಾನು ಕಣ್ಣಾರೆ ಕಂಡ ಪವಾಡ ಕೇಳು.

ಮೊದಲು ಬಂದವನು ರೇಡಿಯೊ ವಾಲ್ದೊ. ಅವನ ದನಿ ದೊಡ್ಡದು, ಆಳು ಗಿಡ್ಡ. ಅಂಗಡಿಯ ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗಲಿಲ್ಲ.

“ದೋನ್ಯಾ ಸಾತು, ನೀವು ನಿಂತ್ರೆ ನನ್ನ ವೋಟು ಹರಿದು ಹಂಚಿಹೋಗ್ತವೆ. ನೇರವಾಗಿ ಕೇಳ್ತೀನಿ, ನಿಲ್ತೀರಾ ಇಲ್ವಾ?”

ಅಮ್ಮ ಅಪಿ ಬಗ್ಗಿಸಿದಳು. ಲೋಟ ತುಂಬಿದ ಮೇಲೆ ಕಾಯಂ ಗಿರಾಕಿಗಳಿಗೆ ಕೊಡುವ ಕೊಸರನ್ನೂ ಒಂದು ಸೌಟು ಸುರಿದಳು. “ಕುಡೀರಿ, ಆರೋಗತ್ತೆ” ಅಂದಳು. ಅಷ್ಟೇ ಮಾತು.

ಅವನು ಕುಡಿದ, ಕಾದ, ಬೆವರಿದ. ಬೆಂಚಿನಿಂದ ಹಾರಿ ಇಳಿದು, ಹೋಗುವಾಗ ಗುಡ್ಡದ ಕಡೆ ಒಮ್ಮೆ ಕತ್ತೆತ್ತಿ ನೋಡಿದ. ಮರುದಿನ ಬೆಳಗ್ಗೆ ರೇಡಿಯೊದಲ್ಲಿ ಗುಡುಗಿದ: “ಸಾನ್ ಬ್ಲಾಸ್ ಗುಡ್ಡಕ್ಕೆ ಗೋಡೆ ಎಲ್ಲಿ ಇಂಜಿನಿಯರ್ ಸಾಹೇಬರೇ? ನಾನು ಬಂದರೆ ಮೊದಲ ಕೆಲಸ ಅದೇ!”

ಎರಡೇ ದಿನಕ್ಕೆ ಇಂಜಿನಿಯರ್ ಉರ್ಕೀದಿಯ ಜೀಪು ಅಂಗಡಿ ಮುಂದೆ. ಎತ್ತರದ ಆಸಾಮಿ, ಹೊಳೆಯುವ ಬೂಟು.

“ನೋಡೀಮ್ಮ, ಆ ಮನುಷ್ಯ ಬರೀ ಬಾಯಿ. ಕಾಮಗಾರಿ ಇರೋದು ನನ್ನ ಕೈಲಿ. ನೀವು ನಿಲ್ಲಲ್ಲ ಅಂತ ಒಂದು ಮಾತು ಹೇಳಿ, ನಾಳೆನೇ ಕಲ್ಲು ಬರತ್ತೆ.”

“ಕಲ್ಲು ಬರ್ಲಿ. ಮಾತೇನು, ಓಡಿಹೋಗತ್ತಾ?”

“ಮೊದ್ಲು ಮಾತು.”

“ಹಾಗಾದ್ರೆ ಅಪಿ ಕುಡೀರಿ” ಎಂದು ಅವನಿಗೂ ಕೊಸರು ಸುರಿದಳು.

ಅವನು ಲೋಟದ ಸುತ್ತ ಬೆರಳು ಆಡಿಸುತ್ತ ಕೂತ. ಅಷ್ಟರಲ್ಲಿ ಹಿಲಾರಿಯಾ ಬಂದು, ಯಾರಿಗೂ ಅಲ್ಲವೆಂಬಂತೆ, “ಎಲೆಕ್ಷನ್ ಕಚೇರಿ ಬಾಗಿಲು ಎಷ್ಟು ಗಂಟೆಗೆ ತೆಗೀತಾರಂತೆ?” ಎಂದು ಗಾಳಿಯನ್ನು ಕೇಳಿದಳು. ಇಂಜಿನಿಯರ್ ಅಪಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಗೆ ಸುಟ್ಟುಕೊಂಡ.

ಅಕ್ಕಾ, ಕಲ್ಲು ಬಂತು! ಲಾರಿಯಲ್ಲಿ ಬಂತು! ತಂತಿ ಹೆಣೆದ ದೊಡ್ಡ ದೊಡ್ಡ ಬುಟ್ಟಿಗಳಲ್ಲಿ ನದಿಗಲ್ಲು ತುಂಬಿ ಒಂದರ ಮೇಲೊಂದು ಪೇರಿಸುತ್ತಿದ್ದಾರೆ, ಗುಡ್ಡದ ಉದ್ದಕ್ಕೂ. ಇಂಜಿನಿಯರ್ ದಿನಾ ಬಂದು ಕೇಳುತ್ತಾನೆ. ಅಮ್ಮನದು ಒಂದೇ ಉತ್ತರ: “ಕೊನೇ ಬುಟ್ಟಿ ಮುಚ್ಚಿದ ದಿನ ನನ್ನ ಮಾತು.” ಹೆಸರು ಕೊಡಲು ಗಡುವು ಸೆಪ್ಟೆಂಬರ್ ಐದು, ಸಂಜೆ ಆರು.

ಈ ನಗರದಲ್ಲಿ ಕುಚೇಷ್ಟೆಗೆ ನಾನೇ ಗುರು ಎಂದುಕೊಂಡಿದ್ದೆ. ನಾನು ಬರೀ ಶಿಷ್ಯ. ನನ್ನ ಗುರು ಹನ್ನೆರಡು ವರ್ಷದಿಂದ ಸಂತೆಯಲ್ಲಿ ಸೌಟು ಹಿಡಿದು ಕೂತಿದ್ದಾಳೆ.

ಶಿಷ್ಯ,
ಎಲಿಯೊ


ಬ್ಯೂನಸ್ ಐರಿಸ್
ಆಗಸ್ಟ್ ೧೬

ಎಲಿಯೊ,

ನಿನಗೆ ಎಲ್ಲವೂ ಆಟ. ನನ್ನ ಮಾತು ಕೇಳು. ಅರ್ಧಕ್ಕೆ ನಿಂತ ಗೋಡೆ ಗೋಡೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಕಲ್ಲೂ ಮಣ್ಣೂ ಸೇರಿ ಕೆಳಗೆ ಬರುತ್ತವೆ. ಅಮ್ಮ ಬಾಯಿ ತಪ್ಪಿ ‘ಇಲ್ಲ’ ಅಂದ ದಿನ ಲಾರಿ ನಿಲ್ಲುತ್ತದೆ. ‘ಹೌದು’ ಅಂದಳೋ, ಆ ಗಂಡಸರು ಅವಳನ್ನು ಹಸಿಹಸಿಯಾಗಿ ತಿಂದುಹಾಕುತ್ತಾರೆ. ಅವಳ ಲಂಗ, ಅವಳ ಜಡೆ, ಅವಳ ಭಾಷೆ, ಒಂದನ್ನೂ ಬಿಡುವುದಿಲ್ಲ.

ಗಡುವಿನೊಳಗೆ ಕೊನೆಯ ಬುಟ್ಟಿ ಮುಚ್ಚದಿದ್ದರೆ ಏನು ಮಾಡುತ್ತಾಳೆ? ಕೇಳಿದ್ದೀಯಾ? ನೀನು ಎಲ್ಲರ ಬಳಿಯೂ ಮಾತಾಡುತ್ತೀಯ. ಅವಳನ್ನು ಒಂದು ಸಲ ಕೂರಿಸಿ ಕೇಳು.

ಈಚೆಗೆ ಪಕ್ಕದ ಮೇಜಿನವಳಿಗೆ ಹೇಳಿಬಿಟ್ಟೆ, ಅವಳು ನನ್ನ ತಾಯಿ ಎಂದು. ಕಾರ್ಖಾನೆಯಲ್ಲಿ ಈಗ ನನ್ನನ್ನು ಯಾರೂ ಏಕವಚನದಲ್ಲಿ ಕರೆಯುವುದಿಲ್ಲ.

ನಿನ್ನ ಅಕ್ಕ


ಸಾನ್ ಬ್ಲಾಸ್ ಗುಡ್ಡ
ಸೆಪ್ಟೆಂಬರ್ ೭

ಪ್ರೀತಿಯ ಅಕ್ಕಾ,

ಕೇಳಿದೆ. “ಗಡುವಿನೊಳಗೆ ಮುಗಿಯದೇ ಇದ್ರೆ?” ಅಂದೆ. “ಪಾತ್ರೆ ಉಜ್ಜು” ಅಂದಳು.

ಐದನೇ ತಾರೀಕು ಬೆಳಗ್ಗೆ ಗೋಡೆಯ ಮೇಲಿನ ಸಾಲು ಇನ್ನೂ ಬಾಕಿ ಇತ್ತು. ನಮ್ಮ ಮನೆಯ ಹಿಂಭಾಗವೇ ಕೊನೆ. ಅಮ್ಮ ಒಳಗಿನಿಂದ ಬಂದದ್ದನ್ನು ನೋಡಿ ನನ್ನ ಕೈಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ನಾಮಕರಣ, ಮದುವೆಗಳಿಗೆಂದು ಪೆಟ್ಟಿಗೆಯಲ್ಲಿಟ್ಟ ಕಂದು ಟೋಪಿ, ಪಚ್ಚೆ ಬಣ್ಣದ ನೆರಿಗೆ ಲಂಗಗಳು, ಅಜ್ಜಿಯ ಓಲೆ, ವಿಕುನ್ಯಾ ಉಣ್ಣೆಯ ಆ ಶಾಲು. “ಅಪಿ ಪಾತ್ರೆ ಎತ್ತು” ಅಂದಳು. ಎತ್ತಿಕೊಂಡು ಹಿಂದೆ ನಡೆದೆ. ಹಿಲಾರಿಯಾಳಿಗೆ ಮಾತ್ರ, “ನೀನು ಗೋಡೆ ಹತ್ರ ಇರು” ಅಂದಳು.

ಎಲೆಕ್ಷನ್ ಕಚೇರಿಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಸುಮ್ಮನೆ ಕೂತಳು.

ನಾನು ಯಾರಿಗೂ ಸುದ್ದಿ ಕೊಟ್ಟಿರಲಿಲ್ಲ ಅಕ್ಕಾ, ನಿನ್ನಾಣೆ. ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಬಂದು ಪಕ್ಕದಲ್ಲಿ ಕೂತಳು, ಸೊಪ್ಪು ಮಾರುವವಳು. ಆಮೇಲೆ ಮೀನಿನವರು ಬಂದರು. ಆಮೇಲೆ ಮೇಲಿನ ಗುಡ್ಡಗಳಿಂದ, ಆಚೆ ಕಣಿವೆಯಿಂದ, ಹೆಸರೂ ಗೊತ್ತಿಲ್ಲದ ಊರಂಚಿನ ಬೀದಿಗಳಿಂದ. ಎಲ್ಲರೂ ಒಳ್ಳೆಯ ಶಾಲು ಹೊದ್ದು ಬಂದಿದ್ದರು. ಘೋಷಣೆಯಿಲ್ಲ, ಬಾವುಟವಿಲ್ಲ, ತಮಟೆಯಿಲ್ಲ. ಬಂದವಳು ಅಮ್ಮನಿಗೆ ತಲೆಯಾಡಿಸುವುದು, ಲಂಗ ಹರಡಿ ಕೂರುವುದು. ಮೆಟ್ಟಿಲು ತುಂಬಿತು, ಚೌಕ ತುಂಬಿತು. ಟೋಪಿಗಳ ಆ ಸಾಲು ಮೂಲೆ ತಿರುಗಿ ಎಲ್ಲಿ ಮುಗಿಯುತ್ತದೋ ಕಾಣಲಿಲ್ಲ. ಬಸ್ಸುಗಳು ಹಾರ್ನ್ ಹೊಡೆಯುವುದನ್ನು ಮರೆತು ನಿಂತವು. ಆಚೆ ಇಲ್ಲಿಮಾನಿ ಪರ್ವತದ ಹಿಮ ಬಿಸಿಲಿಗೆ ಹೊಳೆಯುತ್ತಿತ್ತು. ಎಂದಿನಂತೆ ಯಾರೂ ಅದನ್ನು ನೋಡಲಿಲ್ಲ, ಎಲ್ಲರೂ ಅಮ್ಮನನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಒಂದು ನಗೆಹನಿ ಹುಟ್ಟಲಿಲ್ಲ. ಇಗರ್ಜಿಯಲ್ಲೂ ತೆಗೆಯದ ನನ್ನ ಕುಲಾವಿಯನ್ನು ತೆಗೆದು ಕೈಯಲ್ಲಿ ಹಿಡಿದೆ.

ವಾಲ್ದೊ ಬಂದು ದೂರದಲ್ಲೇ ನಿಂತ.

ಐದು ಗಂಟೆ ದಾಟಿತು. ಒಳಗಿನ ಗುಮಾಸ್ತ ಬಾಗಿಲಿಗೆ ಬಂದು ಅಮ್ಮನ ಮುಖ ನೋಡಿದ, ಒಳಗೆ ಹೋದ, ಮತ್ತೆ ಬಂದ. ಅಮ್ಮ ಎದ್ದಳು. ಲಂಗದ ಧೂಳು ಕೊಡವಿದಳು. ಒಂದು ಮೆಟ್ಟಿಲು ಹತ್ತಿದಳು. ಅವಳ ಜೊತೆಗೆ ಇಡೀ ಚೌಕ ಎದ್ದು ನಿಂತಿತು. ಅಷ್ಟೂ ಲಂಗಗಳು ಒಮ್ಮೆಲೇ ಎದ್ದ ಆ ಸದ್ದನ್ನು ನಿನಗೆ ಹೇಗೆ ಹೇಳಲಿ, ದೂರದಲ್ಲಿ ಮಳೆ ಬಂದ ಹಾಗೆ.

ಇನ್ನೆರಡು ಮೆಟ್ಟಿಲು ಉಳಿದಿತ್ತು. ಆಗ ಜೀಪು ಬಂತು. ಇಂಜಿನಿಯರ್ ಇಳಿದ. ಆ ಹೊಳೆಯುವ ಬೂಟು ಮಣ್ಣಿನ ಮುದ್ದೆಯಾಗಿತ್ತು, ಅಂಗೈಗಳಲ್ಲಿ ತಂತಿ ಕೊಯ್ದ ಗಾಯ.

“ಮುಚ್ಚಿದೆ ದೋನ್ಯಾ. ಕೊನೇ ಬುಟ್ಟಿ. ನಾನೇ ಇಕ್ಕಳ ಹಿಡಿದು ತಂತಿ ತಿರುವಿದೆ.”

ಅಮ್ಮ ಅವನನ್ನು ನೋಡಲಿಲ್ಲ. ಜೀಪಿನ ಹಿಂದಿನಿಂದ ಇಳಿಯುತ್ತಿದ್ದ ಹಿಲಾರಿಯಾಳನ್ನು ನೋಡಿದಳು.

“ಹತ್ತಿ ನಿಂತಿದ್ದೆ ಕಣೇ” ಅಂದಳು ಹಿಲಾರಿಯಾ. “ಕುಣಿದೂ ನೋಡ್ದೆ. ನನ್ನಂಥ ಗಜಗಾತ್ರಕ್ಕೇ ಅಲ್ಲಾಡ್ಲಿಲ್ಲ.”

ಅಮ್ಮ ಸ್ವಲ್ಪ ಹೊತ್ತು ಬಾಗಿಲ ಕಡೆಗೆ ನೋಡುತ್ತ ನಿಂತಳು. ಆಮೇಲೆ ಶಾಲು ತೆಗೆದು ಮಡಚಿ ನನ್ನ ತೋಳಿಗೆ ಹಾಕಿದಳು. ತನ್ನ ಅಂಗಿಯ ತೋಳು ಮಡಚಿ, ಪಾತ್ರೆಯ ಮುಚ್ಚಳ ತೆಗೆದು, “ಯಾರಿಗೆ ಅಪಿ?” ಅಂದಳು.

ಚೌಕ ಉಸಿರು ಬಿಟ್ಟಿತು. ಕೆಲವರು ನಕ್ಕರು. ಆದರೆ ಆಚೆ ಕಣಿವೆಯ ಒಬ್ಬ ಮುದುಕಿ ಲೋಟ ತೆಗೆದುಕೊಳ್ಳಲಿಲ್ಲ. “ನಾವು ನಿಜವಾಗ್ಲೂ ಬಂದಿದ್ವಿ ಸಾತು” ಅಂದಳು.

“ನಾನೂ” ಅಂದಳು ಅಮ್ಮ.

ಆ ಒಂದು ಮಾತು ಕೇಳಿ ನಾನು ಪಾತ್ರೆಯ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟೆ ಅಕ್ಕಾ. ಚೌಕಾಸಿ ಎಂದುಕೊಂಡು ಅಷ್ಟು ತಿಂಗಳು ನಾನು ನಗುತ್ತಿದ್ದೆ. ಜೀಪು ಇನ್ನೂ ಸ್ವಲ್ಪ ತಡವಾಗಿದ್ದರೆ ಅವಳು ಒಳಗೆ ಹೋಗಿಯೇ ಬಿಡುತ್ತಿದ್ದಳು. ಅಪಿ ಮಾರಲು ಯಾರಾದರೂ ವಿಕುನ್ಯಾ ಶಾಲು ಹೊದ್ದು ಹೋಗುತ್ತಾರೆಯೇ?

ನಿನ್ನ ತಮ್ಮ,
ಎಲಿಯೊ


ಸಾನ್ ಬ್ಲಾಸ್ ಗುಡ್ಡ
ಜನವರಿ ೨೫

(ಅಕ್ಕಾ, ಇದು ಅಮ್ಮ ಹೇಳಿ ಬರೆಸುತ್ತಿರುವುದು. ಒಂದಕ್ಷರ ಸೇರಿಸಿದರೂ ಸೌಟು. ಎಲಿಯೊ.)

ಬಾಸಿ,

ಕ್ಷೇಮ ಅಂತ ಶುರು ಮಾಡ್ಬೇಕಂತೆ, ಇವನು ಹೇಳ್ತಾನೆ. ಎಲ್ಲಾ ಕ್ಷೇಮ.

ಈ ಸಲ ಮಳೆ ಕ್ರಿಸ್ಮಸ್‌ಗೆ ಹಿಡಿದಿದ್ದು ಮೂರು ರಾಜರ ಹಬ್ಬ ಕಳೆದ್ರೂ ಬಿಡ್ಲಿಲ್ಲ. ಗುಡ್ಡ ಬಂತು. ಬಂದು ಗೋಡೆಗೆ ಒರಗಿ ಕೂತ್ಕೊಂಡ್ತು, ಸುಸ್ತಾದ ಮುದುಕಿ ಬಾಗಿಲಿಗೆ ಒರಗಿ ಕೂರ್ತಾಳಲ್ಲ, ಹಾಗೆ. ಅಲ್ಲೇ ಇದೆ. ಒಂದು ಮನೆಗೂ ಏನೂ ಆಗ್ಲಿಲ್ಲ. ಕೋಳಿಗೆ ಮೊಟ್ಟೆ ಇಡೋಕೆ ಜಾಗ ಇಲ್ದೆ ಸಿಟ್ಟು ಬಂದಿದೆ.

ಮೇಯರ್ ಆಗಿದ್ದು ವಾಲ್ದೊ. ಗೋಡೆ ಕಟ್ಟಿಸಿದವನು ಸೋತ. ಫಲಿತಾಂಶದ ಮಾರನೇ ದಿನ ಬೆಂಚ್ ಮೇಲೆ ಬಂದು ಕೂತು ಅತ್ತ, ಪಾಪ, ಅಷ್ಟುದ್ದದ ಮೈ ಮಡಚ್ಕೊಂಡು. ಕೊಸರು ಹಾಕ್ದೆ. ಈಗ ದಿನಾ ಬರ್ತಾನೆ. ನಾಲ್ಕು ವರ್ಷ ಕಳೆದ್ರೆ ಮತ್ತೆ ಎಲೆಕ್ಷನ್ನು. ಹಿಲಾರಿಯಾ ಈಗ್ಲೇ ಗುಸುಗುಸು ಶುರು ಮಾಡಿದಾಳೆ, ನನ್ನ ಹೆಸರು ಹಿಡ್ಕೊಂಡು. ಬೇಡ ಅಂತ ನಾನೇನೂ ಅಂದಿಲ್ಲ.

ನಿನ್ನೆ ಸಂತೆಗೆ ಹೋಗಿದ್ವಿ. ಇವನ ಪತ್ರಿಕೇನ ಮೊದ್ಲೇ ಪೂರ್ತಿ ಓದಿಸ್ಕೊಂಡೆ.

ಬಾಸಿ, ನೀನು ಹೋದ ವರ್ಷ ಸೂಟ್‌ಕೇಸ್ ಕಳಿಸಿದ್ದೆಯಲ್ಲ, ಅದು ಖಾಲಿ ಇತ್ತು. ಖಾಲಿ ಪೆಟ್ಟಿಗೆ ಯಾರಿಗೂ ಕೊಡಬಾರದು ಕಣೇ, ನಿಮ್ಮಜ್ಜಿ ಹೇಳಿರ್ಲಿಲ್ವಾ? ಅದಕ್ಕೇ ತುಂಬಿಸಿ ವಾಪಸ್ ಕಳಿಸ್ತಾ ಇದೀನಿ. ಒಳಗಿರೋ ಹೊಲಿಗೆ ಮಷೀನು ಹೆಬ್ಬೆರಳಿನಷ್ಟೇ ಇದೆ, ಆದ್ರೆ ಚಕ್ರ ತಿರುಗತ್ತೆ, ತಿರುಗಿಸಿ ನೋಡಿ ತಗೊಂಡೆ. ಹನ್ನೆರಡು ಹೊಡೀವಾಗ ನಾನೇ ಕೈಲಿ ಹಿಡ್ಕೊಂಡು ಹೊಗೆ ಹಾಕಿಸ್ದೆ. ನಿನಗೆ ಅಂತ ಹೆಸರು ಹೇಳ್ದೆ.

ಬಾಗಿಲ ಮೊಳೆ ಕಿತ್ತಿದೀನಿ. ಗೋಡೆಗೂ ಮನೆಗೂ ನಡುವೆ ಒಂದು ಕೋಣೆಗಾಗೋಷ್ಟು ಗಟ್ಟಿ ನೆಲ ಸಿಕ್ಕಿದೆ. ಸೋಮವಾರ ಇಟ್ಟಿಗೆ ಬರತ್ತೆ.

ಹೊಲಿಯೋಕೆ ಯಾವ ಕಡೆಯ ಬೆಳಕು ಬೇಕು ನಿನಗೆ? ಕಿಟಕಿ ಎಲ್ಲಿಡ್ಬೇಕು ಅಂತ ಬೇಗ ಬರೆ.

ಅಮ್ಮ